ಮಗ್ಗದ ಶೆಡ್ಡಿನಲ್ಲಿ ಬಿಚ್ಚಿದ ಯೆಜ್ದಿ

ತಮಿಳುನಾಡಿನ ಸೋಮನೂರಿನ ಸುತ್ತ ಎಷ್ಟೋ ಮನೆಗಳಲ್ಲಿ ಬೈಕು ನಿಲ್ಲುವುದು ಮಗ್ಗದ ಶೆಡ್ಡಿನ ಒಳಗೇ. ಮಳೆಯ ಕಾಟವಿಲ್ಲ, ಕಳ್ಳರ ಭಯವಿಲ್ಲ. ಆದರೆ ಪವರ್‌ಲೂಮ್ ಓಡುವ ಕಡೆ ಹತ್ತಿಯ ಧೂಳು ಹಗಲಿರುಳೂ ಹಾರುತ್ತಿರುತ್ತದೆ. ಎಣ್ಣೆ ಜಿನುಗುವ ಇಂಜಿನ್ನಿನ ಫಿನ್ನುಗಳ ಮೇಲೆ ಕೂತರೆ ಏಳುವುದಿಲ್ಲ. ದಿನ ಕಳೆದಂತೆ ಬೂದುಬಣ್ಣದ ಪದರವಾಗಿ ದಪ್ಪಗಾಗುತ್ತದೆ, ಗಾಳಿಯಿಂದಲೇ ತಣಿಯಬೇಕಾದ ಇಂಜಿನ್ನಿಗೆ ಗಾಳಿಯೇ ತಾಗದಂತಾಗುತ್ತದೆ. 1980ರ ದಶಕದ ಕೊನೆಯಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಬೈಕ್ ರಿಪೇರಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಈ ಪದರ ತೆಗೆಯುವುದು. ಹಳೆಯ ಟೂತ್‌ಬ್ರಶ್ಶು, ಒಂದು ಡಬ್ಬಿ ಸೀಮೆಎಣ್ಣೆ, ಒಂದು ಹಿಡಿ ಬನಿಯನ್ ವೇಸ್ಟು.

ಬನಿಯನ್ ವೇಸ್ಟಿನ ಬಗ್ಗೆ ಎರಡು ಮಾತು ಹೇಳಬೇಕು. ಪಕ್ಕದ ತಿರುಪ್ಪೂರಿನ ಕಾರ್ಖಾನೆಗಳಲ್ಲಿ ಬನಿಯನ್ನು, ಟೀ ಶರ್ಟು ಕತ್ತರಿಸಿ ಉಳಿದ ಚೂರುಗಳನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಮೆಕ್ಯಾನಿಕ್‌ಗಳ ಕೈಯಲ್ಲಿ ಸದಾ ಇರುವ ಬಟ್ಟೆ ಅದೇ. ಹೆಣೆದ ಬಟ್ಟೆಯಾದ್ದರಿಂದ ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ, ಎಳೆ ಬಿಡುವುದೂ ಕಡಿಮೆ. ನಮ್ಮ ಮನೆಯಲ್ಲಿ ಮಗ್ಗದಿಂದ ಉದುರಿದ ನೂಲಿನ ವೇಸ್ಟು ರಾಶಿ ರಾಶಿ ಬಿದ್ದಿರುತ್ತಿತ್ತು, ಬಿಟ್ಟಿಯೇ ಸಿಗುತ್ತಿತ್ತು. ಆದರೂ ಕಾರ್ಬೊರೇಟರ್ ಹತ್ತಿರ ಅದನ್ನು ತರಲು ಮೆಕ್ಯಾನಿಕ್‌ಗಳು ಬಿಡುತ್ತಿರಲಿಲ್ಲ. ಜೆಟ್ಟಿನ ತೂತು ಕೂದಲೆಳೆಯಷ್ಟು ಸಣ್ಣದು. ಒಂದು ಎಳೆ ನೂಲು ಸಿಕ್ಕಿಕೊಂಡರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ನಮ್ಮದು ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಆಡುವ ದೇವಾಂಗರ ಕುಟುಂಬ. ಅಪ್ಪ ಕೈಮಗ್ಗ ಬಿಟ್ಟು ಪವರ್‌ಲೂಮ್‌ಗೆ ಬಂದವರು, ಕೂಲಿಗೆ ಕಾಡಾ (ಬಿಳುಪು ಮಾಡದ) ಬಟ್ಟೆ ನೇಯುತ್ತಿದ್ದರು. ಅವರು ಕೊಂಡದ್ದು ಸೆಕೆಂಡ್ ಹ್ಯಾಂಡ್ ಯೆಜ್ದಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಅಲ್ಲಿ 1961ರಲ್ಲಿ ಜಾವಾ ಹೆಸರಿನಲ್ಲಿ ಬೈಕು ತಯಾರಾಗತೊಡಗಿ, 1973ರ ಹೊತ್ತಿಗೆ ಯೆಜ್ದಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೈಸೂರಿನದು ಎಂಬ ಹೆಮ್ಮೆ ಅಪ್ಪನಿಗೆ ಇದ್ದದ್ದು ನಿಜ. ಆದರೆ ಗಾಡಿ ತಂದದ್ದು ನೂಲಿನ ಮೂಟೆ ಹೊರಲು. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ಕರ್, ಗೇರು ಎರಡಕ್ಕೂ ಒಂದೇ ಲಿವರ್. ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮಡಿಸಿದರೆ ಗೇರು. ಸಿಲಿಂಡರಿನ ತಲೆ ಬಿಚ್ಚಲು ಬೆರಳೆಣಿಕೆಯಷ್ಟು ನಟ್ಟು. ಕಲಿಯುವವನಿಗೆ ಇದಕ್ಕಿಂತ ತೆರೆದ ಪುಸ್ತಕ ಬೇರೆ ಇರಲಿಲ್ಲ.

ಆಸಕ್ತಿ ಇತ್ತೆಂದು ಕಲಿತದ್ದಲ್ಲ. ಕಲಿಯದೆ ದಾರಿಯಿರಲಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಗಾಡಿ, ಲೀಟರಿಗೆ 40 ಮಿ.ಲೀ. ಎಣ್ಣೆ. ಸ್ವಲ್ಪ ಹೆಚ್ಚಾದರೆ ಪ್ಲಗ್ಗು ಕರಿ ಹಿಡಿಯುತ್ತದೆ, ಕಡಿಮೆಯಾದರೆ ಪಿಸ್ಟನ್ ಜಾಮ್ ಆಗುತ್ತದೆ. ಕಿಡಿ ಹಾರಿಸುವ ಪಾಯಿಂಟು ಸವೆಯುತ್ತದೆ, ಆರು ವೋಲ್ಟಿನ ಬ್ಯಾಟರಿ ಇಳಿಯುತ್ತದೆ, ಕ್ಲಚ್ ಕೇಬಲ್ ಹರಿಯುತ್ತದೆ. ಕರುಮತ್ತಂಪಟ್ಟಿಯ ಹೆದ್ದಾರಿ ಮುಟ್ಟುವಷ್ಟರಲ್ಲಿ ಗಾಡಿ ನಿಂತರೆ, ಮೂಟೆ ಸಮೇತ ತಳ್ಳುವುದೋ ಅಲ್ಲೇ ಕೂತು ಸರಿಮಾಡುವುದೋ, ಎರಡರಲ್ಲಿ ಒಂದು. ಆಗಿನ ಗಾಡಿಗಳೇ ಗಾಡಿಗಳು ಎಂದು ಈಗ ಹೇಳುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಪದೇ ಪದೇ ನಿಲ್ಲುವ ಗಾಡಿ ಒಳ್ಳೆಯ ಗುರುವಾದೀತು, ಒಳ್ಳೆಯ ಗಾಡಿಯಾಗುವುದಿಲ್ಲ.

ಮೊದಲು ಕಲಿತ ನಿಯಮ ಇವತ್ತಿಗೂ ನನ್ನ ಜೊತೆಗಿದೆ. ಸ್ಟಾರ್ಟ್ ಆಗದ ಇಂಜಿನ್ನಿಗೆ ಮೂರರಲ್ಲಿ ಒಂದು ಇಲ್ಲ. ಪೆಟ್ರೋಲ್, ಕಿಡಿ, ಕಂಪ್ರೆಷನ್. ಇದೇ ಕ್ರಮದಲ್ಲಿ ನೋಡಬೇಕು, ಒಂದನ್ನು ಖಚಿತ ಮಾಡಿಕೊಳ್ಳದೆ ಇನ್ನೊಂದಕ್ಕೆ ಕೈ ಹಾಕಬಾರದು. ಪ್ಲಗ್ಗು ಬಿಚ್ಚಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ತುದಿ ಕಾಫಿ ಪುಡಿಯ ಬಣ್ಣಕ್ಕಿದ್ದರೆ ಎಲ್ಲ ಸರಿ. ಬೆಳ್ಳಗೆ ಸುಟ್ಟಂತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಪ್ಪು ಜಿಡ್ಡಾದರೆ ಎಣ್ಣೆ ಹೆಚ್ಚು, ಇಲ್ಲವೇ ಚೋಕ್ ಎಳೆದದ್ದು ಹಾಗೇ ಇದೆ. ಪ್ಲಗ್ಗಿನ ಗ್ಯಾಪಿಗೆ ನಾನು ಕಲಿತ ವರ್ಕ್‌ಶಾಪಿನಲ್ಲಿ ಅಳತೆಗೋಲು ಹ್ಯಾಕ್ಸಾ ಬ್ಲೇಡು. ಅದರ ದಪ್ಪ ಸುಮಾರು 0.6 ಮಿ.ಮೀ., ಯೆಜ್ದಿಗೆ ಸರಿಹೊಂದುತ್ತಿತ್ತು.

ವರ್ಕ್‌ಶಾಪು ಎಂದರೆ ಹುಣಸೆ ಮರದ ಕೆಳಗೆ ತಗಡಿನ ಮಾಡು, ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ. ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಮೆಕ್ಯಾನಿಕ್ ಅಣ್ಣನಿಗೆ ಕೈ ಚುರುಕು, ಮಾತು ಕಡಿಮೆ. ನನ್ನ ವಯಸ್ಸಿನ ಇಬ್ಬರು ಹುಡುಗರು ಶಾಲೆ ಬಿಟ್ಟು ಅಲ್ಲಿದ್ದರು. ನನಗೆ ಅದು ರಜೆ, ಅವರಿಗೆ ಅದೇ ಬದುಕು. ತಪ್ಪು ಸ್ಪ್ಯಾನರ್ ಕೊಟ್ಟರೆ ತಲೆಯ ಮೇಲೆ ಪೆಟ್ಟು ಬೀಳುತ್ತಿತ್ತು, ನನಗೂ, ಅವರಿಗೂ. ಏಕೆ ಎಂದು ಕೇಳಿದರೆ ‘ನೋಡಿ ಕಲಿ’ ಎಂಬ ಒಂದೇ ಉತ್ತರ. ಆ ಗುರುಕುಲವನ್ನು ಹೊಗಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸ್ಪ್ಯಾನರಿನ ಅಳತೆಯನ್ನು ಬೋಲ್ಟು ನೋಡಿಯೇ ಹೇಳುವುದನ್ನು ನಾವು ಕಲಿತೆವು, ನಿಜ. ಅದಕ್ಕೆ ಪೆಟ್ಟಿನ ಅಗತ್ಯ ಖಂಡಿತ ಇರಲಿಲ್ಲ.

ಪೆಟ್ಟಿಗಿಂತ ಕೆಟ್ಟದ್ದು ಇನ್ನೊಂದಿತ್ತು, ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಬ್ರೇಕ್ ಡ್ರಮ್ ಬಿಚ್ಚಿದೊಡನೆ ಒಳಗಿನ ಧೂಳನ್ನು ಬಾಯಿಂದ ಊದುತ್ತಿದ್ದೆವು. ಆ ಕಾಲದ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಲು ಟ್ಯೂಬು ಬಾಯಲ್ಲಿಟ್ಟು ಎಳೆಯುತ್ತಿದ್ದೆವು, ಸಂಜೆ ಅದೇ ಪೆಟ್ರೋಲಿನಲ್ಲಿ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದೆವು. ಅದು ಸೀಸ ಬೆರೆಸಿದ ಪೆಟ್ರೋಲು. ಸೀಸದ ಆ ರಾಸಾಯನಿಕ ಚರ್ಮದ ಮೂಲಕವೂ ಮೈ ಸೇರುತ್ತದೆ. ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದದ್ದು 2000ದಲ್ಲಿ. ಹದಿನಾಲ್ಕರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು ಕಾನೂನು ಬಿಗಿಯಾದದ್ದು 2016ರಲ್ಲಿ. ಆ ಇಬ್ಬರು ಹುಡುಗರಿಗೆ ಎರಡೂ ತಡವಾಗಿ ಬಂದವು.

ಸೈಲೆನ್ಸರ್ ಶುದ್ಧಿಯ ದಿನವಂತೂ ನಮಗೆಲ್ಲ ಹಬ್ಬ. ಟೂ ಸ್ಟ್ರೋಕ್ ಗಾಡಿಯಲ್ಲಿ ಸುಟ್ಟ ಎಣ್ಣೆ ಕರಿಯಾಗಿ ಸೈಲೆನ್ಸರಿನೊಳಗೆ ಕಟ್ಟುತ್ತದೆ. ಹೊಗೆ ಹೊರಹೋಗಲು ಜಾಗವಿಲ್ಲದೆ ಗಾಡಿ ಏರು ಹತ್ತುವಾಗ ಮುಕ್ಕರಿಯುತ್ತದೆ. ಒಳಗಿನ ಬ್ಯಾಫಲ್ ಎಳೆದು ತೆಗೆದು ಕಟ್ಟಿಗೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಉದುರಿಸುತ್ತಿದ್ದೆವು. ಜವಳಿ ಊರಾದ್ದರಿಂದ ನಮಗೆ ಇನ್ನೊಂದು ದಾರಿಯೂ ಇತ್ತು. ಬ್ಲೀಚಿಂಗು, ಡೈಯಿಂಗು ಮಾಡುವವರ ಹತ್ತಿರ ಕಾಸ್ಟಿಕ್ ಸೋಡ ಧಾರಾಳವಾಗಿ ಸಿಗುತ್ತಿತ್ತು. ಅದನ್ನು ನೀರಿನಲ್ಲಿ ಕರಗಿಸಿ ಸೈಲೆನ್ಸರಿನಲ್ಲಿ ತುಂಬಿ ರಾತ್ರಿಯಿಡೀ ಬಿಟ್ಟರೆ ಕರಿ ಸಡಿಲವಾಗುತ್ತದೆ. ಕಬ್ಬಿಣದ ಭಾಗಕ್ಕೆ ಇದು ಸರಿ. ಅಲ್ಯೂಮಿನಿಯಂ ಭಾಗವನ್ನು ಅದರಲ್ಲಿ ಹಾಕಿದರೆ ಬುರುಗು ಬಂದು ಲೋಹವೇ ಕರಗಿಹೋಗುತ್ತದೆ. ಬೆಳಿಗ್ಗೆ ಆ ಕಪ್ಪು ನೀರನ್ನು ಚರಂಡಿಗೆ ಸುರಿಯುತ್ತಿದ್ದೆವು. ಎಲ್ಲರೂ ಸುರಿಯುತ್ತಿದ್ದರು, ದೊಡ್ಡ ಕಾರ್ಖಾನೆಗಳು ನಮ್ಮ ಸಾವಿರ ಪಾಲು. ನೊಯ್ಯಲ್ ನದಿಯ ನೀರು ಗದ್ದೆಗೂ ಬಾರದಂತಾಗಿ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನೆಲ್ಲ ಮುಚ್ಚಲು ಆದೇಶ ಕೊಟ್ಟಿತು. ಚರಂಡಿಗೆ ಸುರಿದದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ವರ್ಕ್‌ಶಾಪಿನಲ್ಲಿ ಒಬ್ಬರಾದರೂ ಯೋಚಿಸಿದ್ದು ನನಗೆ ನೆನಪಿಲ್ಲ.

ಏಕೆ ಎಂಬ ಪ್ರಶ್ನೆಗೆ ನನಗೆ ಮೊದಲ ಸಲ ಉತ್ತರ ಸಿಕ್ಕಿದ್ದು ವರ್ಕ್‌ಶಾಪಿನಲ್ಲಲ್ಲ, ಮನೆಯಲ್ಲಿ, ಅಪ್ಪನಿಂದ. ಅವರಿಗೆ ಬೈಕಿನ ರಿಪೇರಿ ಗೊತ್ತಿರಲಿಲ್ಲ, ಮಗ್ಗ ಗೊತ್ತಿತ್ತು. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತ ಒಂದು ಮಧ್ಯಾಹ್ನ ಟೈಮಿಂಗ್ ಹೊಂದಿಸಲು ಕೂತಿದ್ದೆ. ಯೆಜ್ದಿಯ ಬಲಗಡೆಯ ಕವರ್ ಬಿಚ್ಚಿದರೆ ಡೈನಮೋ, ಅದರ ಮೇಲೆ ಪಾಯಿಂಟು. ಮೊದಲು ಪಾಯಿಂಟನ್ನು ತೆಳುವಾದ ಎಮರಿ ಕಾಗದದಿಂದ ಉಜ್ಜಿ, ಅದು ಪೂರ್ತಿ ಬಾಯಿ ಬಿಟ್ಟ ಜಾಗದಲ್ಲಿ 0.4 ಮಿ.ಮೀ. ಅಂತರ ಇಡಬೇಕು. ಆಮೇಲೆ ಪ್ಲಗ್ಗಿನ ತೂತಿನಿಂದ ಸೈಕಲ್ಲಿನ ಕಡ್ಡಿಯೊಂದನ್ನು ಇಳಿಸಿ ಇಂಜಿನ್ ಮೆಲ್ಲಗೆ ತಿರುಗಿಸಿದರೆ ಪಿಸ್ಟನ್ ಮೇಲೆ ಬಂದಂತೆ ಕಡ್ಡಿಯೂ ಏಳುತ್ತದೆ. ಅದು ಏರುವುದು ನಿಂತ ಕಡೆ ಗುರುತು ಮಾಡಿ, ಇಂಜಿನ್ನನ್ನು ಹಿಂದಕ್ಕೆ ತಿರುಗಿಸಿ ಸುಮಾರು ಮೂರು ಮಿಲಿಮೀಟರ್ ಇಳಿಸಬೇಕು. ಸರಿಯಾಗಿ ಅಲ್ಲಿ ಪಾಯಿಂಟು ಬಾಯಿ ಬಿಡಬೇಕು. ಬಿಟ್ಟಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ. ಬೀಡಿ ಕಟ್ಟಿನ ತೆಳುವಾದ ಕಾಗದವನ್ನು ಪಾಯಿಂಟುಗಳ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಇರಬೇಕು. ಕಚ್ಚಿ ಹಿಡಿದಿದ್ದ ಕಾಗದ ಯಾವ ಕ್ಷಣ ಜಾರುತ್ತದೋ ಅದೇ ಕಿಡಿ ಹಾರುವ ಕ್ಷಣ.

ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದರು. ‘ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಯಾಕೆ?’ ಎಂದು ಕೇಳಿದರು. ಅಣ್ಣ ಹಾಗೆ ಹೇಳಿದ್ದಾರೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪೆಟ್ರೋಲು ಉರಿಯುವುದಕ್ಕೂ ಟೈಮು ಬೇಕಲ್ಲ ಮಗಾ. ಲಾಳಿ ಹೊಡೆಯೋದೂ ಹಂಗೇ’ ಎಂದರು. ಹಾಸಿನ ಎಳೆಗಳು ಮೇಲೆ ಕೆಳಗೆ ಬೇರ್ಪಟ್ಟು ದಾರಿ ಬಿಡುವಾಗಲೇ ಲಾಳಿಗೆ ಏಟು ಬೀಳಬೇಕು. ದಾರಿ ಪೂರ್ತಿ ತೆರೆಯಲಿ ಎಂದು ಕಾದರೆ ಲಾಳಿ ಆಚೆ ದಡ ಮುಟ್ಟುವ ಮೊದಲೇ ಎಳೆಗಳು ಮುಚ್ಚಿಕೊಂಡು ಸಿಕ್ಕಿಬೀಳುತ್ತದೆ. ಏಟು ಬೇಗ ಬಿದ್ದರೂ ಎಳೆ ಹರಿಯುತ್ತದೆ. ಕೆಲಸಕ್ಕೆ ಹಿಡಿಯುವ ಹೊತ್ತನ್ನು ಲೆಕ್ಕ ಹಾಕಿ ಮುಂಚೆಯೇ ಶುರು ಮಾಡುವುದು, ಅಷ್ಟೇ ಟೈಮಿಂಗು. ವರ್ಷಗಟ್ಟಲೆ ಸ್ಪ್ಯಾನರ್ ಹಿಡಿದವರು ಹೇಳದ್ದನ್ನು ಸ್ಪ್ಯಾನರ್ ಹಿಡಿಯದವರು ಹೇಳಿದರು. ಅಂದಿನಿಂದ ಕಾರಣ ತಿಳಿಯದೆ ಒಂದು ಸ್ಕ್ರೂ ತಿರುಗಿಸಲೂ ನನಗೆ ಮನಸ್ಸು ಬರುವುದಿಲ್ಲ.

ಇಷ್ಟರಲ್ಲಿ ರಸ್ತೆಯ ಮೇಲಿನ ಗಾಡಿಗಳೇ ಬದಲಾಗತೊಡಗಿದ್ದವು. 1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100 ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಎಣ್ಣೆ ಬೆರೆಸುವ ಗೋಜಿಲ್ಲ, ಮೈಲೇಜು ಬಹಳ. ಪೆಟ್ರೋಲ್ ಹಾಕಿ ಮರೆತುಬಿಡಿ ಎನ್ನುವ ಅರ್ಥದ ಜಾಹೀರಾತು ಅದರದು, ಜನ ನಿಜವಾಗಿಯೂ ಮರೆತರು. ನಮ್ಮ ಕಡೆ ನೂಲು, ಬಟ್ಟೆ ಹೊರುವ ಕೆಲಸವನ್ನು ಹೊಸೂರಿನ ಟಿವಿಎಸ್ ಮೊಪೆಡ್ಡುಗಳು ವಹಿಸಿಕೊಂಡವು. 1980ರಲ್ಲಿ ಬಂದ ಟಿವಿಎಸ್ 50ರಿಂದ ಹಿಡಿದು ಎಕ್ಸ್‌ಎಲ್‌ವರೆಗೆ ಅವು ಬಹಳ ಕಾಲ ಟೂ ಸ್ಟ್ರೋಕ್ ಆಗಿಯೇ ಉಳಿದವು. ನನ್ನ ನಂತರದ ಹುಡುಗರು ಕೈ ಪಳಗಿಸಿಕೊಂಡದ್ದು ಅವುಗಳ ಮೇಲೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಪಾಯಿಂಟು ಅದಕ್ಕೂ ಬಹಳ ಮೊದಲೇ ಹೋಗಿತ್ತು. ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂಬುದನ್ನು ಈಗ ಸೆನ್ಸರುಗಳನ್ನು ಕೇಳಿ ಒಂದು ಸಣ್ಣ ಕಂಪ್ಯೂಟರು ತೀರ್ಮಾನಿಸುತ್ತದೆ. ನಾನು ಬೀಡಿ ಕಾಗದದಿಂದ ಹಿಡಿಯುತ್ತಿದ್ದ ಕ್ಷಣವನ್ನು ಅದು ಇಂಜಿನ್ನಿನ ವೇಗಕ್ಕೆ ತಕ್ಕಂತೆ ಸುತ್ತು ಸುತ್ತಿಗೂ ಬದಲಿಸುತ್ತದೆ. ನನ್ನ ಕೈಗಿಂತ ಅದು ಚೆನ್ನಾಗಿ ಮಾಡುತ್ತದೆ.

ಹಾಗಾದರೆ ಹೊಸಬರಿಗೆ ಕಲಿಯಲು ಏನೂ ಉಳಿದಿಲ್ಲವೇ? ಈ ಪ್ರಶ್ನೆಯನ್ನು ನನಗೆ ಕೇಳಿದವಳು ಅಕ್ಕನ ಮಗಳು. ತಿರುಪ್ಪೂರಿನ ಗಾರ್ಮೆಂಟ್ ಕಂಪನಿಯೊಂದರಲ್ಲಿ ಕೆಲಸ, ದಿನವೂ 125 ಸಿಸಿ ಬೈಕಿನಲ್ಲಿ ಹೋಗಿ ಬರುತ್ತಾಳೆ. ‘ಮಾಮ, ಸರ್ವಿಸ್‌ಗೆ ಬಿಟ್ಟರೆ ಏನು ಮಾಡಿದ್ದಾರೆ, ಏನು ಮಾಡಿಲ್ಲ ಅಂತಾನೇ ಗೊತ್ತಾಗಲ್ಲ’ ಎಂದಳು. ಗೊತ್ತಾಗದಿರುವುದು ತನ್ನ ಹಕ್ಕಿನ ಪ್ರಶ್ನೆ ಎಂಬಂತೆ ಕೇಳಿದಳು, ಅದು ನನಗೆ ತುಂಬ ಹಿಡಿಸಿತು. ಬೈಕಿನ ಜೊತೆ ಬಂದ ಕೈಪಿಡಿಯನ್ನು ಪೂರ್ತಿ ಓದಿ ಬಾ ಎಂದೆ. ಓದಿಕೊಂಡು, ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು ಬಂದಳು. ನಾನು ಕಲಿಯುವಾಗ ಆ ವರ್ಕ್‌ಶಾಪಿನಲ್ಲಿ ಯಾರೂ ಕೈಪಿಡಿಯ ಮುಖ ಕಂಡಿರಲಿಲ್ಲ.

ಉಳಿದಿರುವುದು ಬಹಳ ಇದೆ, ಪ್ರಾಣಕ್ಕೆ ಸಂಬಂಧಿಸಿದ್ದೆಲ್ಲ ಇನ್ನೂ ಕೈಗೆ ಸಿಗುವಂತೆಯೇ ಇದೆ. ಟೈರಿನ ಗಾಳಿ, ಬ್ರೇಕು, ಚೈನು, ಆಕ್ಸಲ್ ನಟ್ಟು, ಕ್ಲಚ್ಚಿನ ಸಡಿಲ, ಇಂಜಿನ್ ಆಯಿಲು, ಏರ್ ಫಿಲ್ಟರು. ಆಯಿಲ್ ವಿಷಯದಲ್ಲಂತೂ ಆಗಿನಕ್ಕಿಂತ ಈಗ ತಿಳಿವಳಿಕೆ ಹೆಚ್ಚು ಬೇಕು. ಬೈಕಿನಲ್ಲಿ ಕ್ಲಚ್ಚು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿಗೆಂದು ಜಾರುಗುಣ ಹೆಚ್ಚಿಸಿದ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂಬ ಗುರುತು ನೋಡಿಯೇ ಕೊಳ್ಳಬೇಕು. ಆಯಿಲ್ ಇಳಿಸುವ ಬೋಲ್ಟು ಕಬ್ಬಿಣ, ಅದು ಕೂರುವ ಥ್ರೆಡ್ಡು ಅಲ್ಯೂಮಿನಿಯಂ. ಹಿಂದೆ ನಾವು ಕೈಯಳತೆಯಲ್ಲಿ ಬಿಗಿಯುತ್ತಿದ್ದೆವು, ಥ್ರೆಡ್ಡು ಕಿತ್ತುಬಂದ ಇಂಜಿನ್ನುಗಳು ಲೇತ್ ಅಂಗಡಿಗೆ ಹೋಗುತ್ತಿದ್ದವು. ಅವಳು ಟಾರ್ಕ್ ರೆಂಚು ಕೊಂಡಳು. ಕೈಪಿಡಿಯಲ್ಲಿ ಕೊಟ್ಟ ಅಂಕಿಗೆ ಇಟ್ಟು ಬಿಗಿಯುತ್ತಾಳೆ, ಟಕ್ ಎಂದೊಡನೆ ನಿಲ್ಲಿಸುತ್ತಾಳೆ. ಇಳಿಸಿದ ಎಣ್ಣೆಯನ್ನು ಕ್ಯಾನಿನಲ್ಲಿ ತುಂಬಿ, ಹಳೆ ಎಣ್ಣೆ ಕೊಳ್ಳುವವರಿಗೆ ತಲುಪಿಸಲು ವರ್ಕ್‌ಶಾಪಿಗೆ ಕೊಡುತ್ತಾಳೆ. ಬ್ರೇಕಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ, ಕೈಗೆ ಗ್ಲೌಸು ಹಾಕುತ್ತಾಳೆ. ಕೈಗೆ ಮಸಿ ಅಂಟದವರು ಮೆಕ್ಯಾನಿಕ್ಕೇ ಅಲ್ಲ ಎಂದು ನಾವು ನಂಬಿದ್ದ ಆ ಕಾಲ ಕೆಟ್ಟ ಕಾಲ, ಹೋದದ್ದೇ ಒಳ್ಳೆಯದಾಯಿತು.

ಈಗಿನದ್ದೆಲ್ಲ ಸರಿ ಎಂದೂ ಹೇಳಲಾರೆ. ಮೀಟರಿನಲ್ಲಿ ಇಂಜಿನ್ನಿನ ಹಳದಿ ದೀಪ ಹೊತ್ತಿಕೊಂಡರೆ ಒಳಗೆ ಏನಾಗಿದೆ ಎಂದು ಓದುವ ಸ್ಕ್ಯಾನರು ಬಹುತೇಕ ಕಂಪನಿಯ ಸರ್ವಿಸ್ ಸೆಂಟರುಗಳಲ್ಲೇ ಇದೆ. ಸೋಮನೂರಿನಂಥ ಊರಿನ ಮರದ ಕೆಳಗಿನ ಮೆಕ್ಯಾನಿಕ್ ಅಲ್ಲಿ ಕೈ ಕಟ್ಟಿ ನಿಲ್ಲಬೇಕು. ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಸುಮಾರು ಮೂರು ಬಾರ್ ಒತ್ತಡದಲ್ಲಿ ತಳ್ಳುತ್ತದೆ, ಕಾರ್ಬೊರೇಟರ್ ಕಾಲದಂತೆ ಪೈಪು ಎಳೆದು ನೋಡುವ ಹಾಗಿಲ್ಲ. ಎಳೆದರೆ ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲು ಚಿಮ್ಮುತ್ತದೆ. ಇದನ್ನು ಕಲಿಸುವವರು ಬೇಕು, ಮಾಹಿತಿ ಬಿಟ್ಟುಕೊಡುವ ಕಂಪನಿಗಳೂ ಬೇಕು. ರಿಪೇರಿಯ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಪೋರ್ಟಲನ್ನೂ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಗಾಡಿ ಕೊಂಡವರಿಗೆ ಅದರ ದೋಷ ಓದುವ ಹಕ್ಕು ಇರಲೇಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮೊನ್ನೆ ಭಾನುವಾರ ಅವಳು ಚೈನು ಬಿಗಿ ಮಾಡಲು ಕೂತಳು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಚೈನ್ ಕವರಿನ ರಬ್ಬರು ಬಿರಡೆ ತೆಗೆದು, ಬೆರಳಿನಿಂದ ಮೇಲೆ ಕೆಳಗೆ ಒತ್ತಿ ನೋಡಿದಳು. ಸಡಿಲ ಹೆಚ್ಚಾಗಿತ್ತು. ಒಂದೇ ಕಡೆ ನೋಡಿ ಬಿಗಿ ಮಾಡಬೇಡ, ಚಕ್ರ ತಿರುಗಿಸಿ ನಾಲ್ಕಾರು ಕಡೆ ನೋಡು ಎಂದೆ. ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ, ಅತಿ ಬಿಗಿಯಾಗಿರುವ ಕಡೆಗೇ ಅಳತೆ ಇಡಬೇಕು, ಇಲ್ಲವಾದರೆ ಹಿಂದೆ ಭಾರ ಬಿದ್ದಾಗ ಬೇರಿಂಗಿಗೆ ಪೆಟ್ಟು. ಆಕ್ಸಲ್ ನಟ್ಟು ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರುಗಳನ್ನು ಒಂದೇ ಅಳತೆಗೆ ತಿರುಗಿಸಿ, ಸ್ವಿಂಗ್ ಆರ್ಮಿನ ಗೆರೆಗಳನ್ನು ಎರಡೂ ಕಡೆ ಎಣಿಸಿ ನೋಡಿದಳು. ಒಂದು ಬದಿ ಮುಂದೆ, ಒಂದು ಬದಿ ಹಿಂದೆ ಆದರೆ ಚಕ್ರ ಓರೆಯಾಗಿ ಓಡುತ್ತದೆ ಎಂಬ ಕಾರಣವನ್ನು ಅವಳೇ ಹೇಳಿದಳು. ನಟ್ಟು ಬಿಗಿದು ಎದ್ದು ನಿಂತವಳು ಮತ್ತೆ ಕೂತಳು. ಚಕ್ರ ಹಿಂದಕ್ಕೆ ಸರಿದಿದೆ, ಹಾಗಾದರೆ ಬ್ರೇಕ್ ರಾಡೂ ಎಳೆದುಕೊಂಡು ಬ್ರೇಕು ಹಿಡಿದಿರಬೇಕಲ್ಲ ಮಾಮ ಎಂದು, ನಾನು ಹೇಳುವ ಮೊದಲೇ ಚಕ್ರ ಕೈಯಿಂದ ತಿರುಗಿಸಿ ನೋಡಿದಳು. ಹಿಡಿದಿತ್ತು. ರಾಡಿನ ಕೊನೆಯ ನಟ್ಟು ಸಡಿಲಿಸಿ, ಪೆಡಲ್ಲಿನ ಆಟ ಅಳೆದು, ಬ್ರೇಕ್ ದೀಪ ಸರಿಯಾದ ಹೊತ್ತಿಗೆ ಹತ್ತುತ್ತದೆಯೇ ನೋಡಿ, ಚೈನಿಗೆ ಎಣ್ಣೆ ಹಾಕಿದಳು. ಮುಂದಿನ ವಾರ ಏರ್ ಫಿಲ್ಟರು. ಅವಳ ಗಾಡಿಯೂ ರಾತ್ರಿ ನಿಲ್ಲುವುದು ಮಗ್ಗದ ಶೆಡ್ಡಿನಲ್ಲೇ ಆದ್ದರಿಂದ ಕೈಪಿಡಿ ಹೇಳುವ ಕಿಲೋಮೀಟರಿಗಿಂತ ಬೇಗನೇ ಅದನ್ನು ಬಿಚ್ಚಿ ನೋಡಬೇಕು.